ಕತ್ತೆ ಬರೆಯಲು ಹೋಗಿ ಕತೆ ಬರೆಯುವ ಹುಡುಗ

ತಿಪಟೂರು ಕಡೆಯ ತಾಯಿಯೊಬ್ಬರು ಬರೆದ ಪತ್ರ ಇದು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

"ನನ್ನ ಮಗನಿಗೆ 9 ವರ್ಷ. ಇಂಗ್ಲಿಷ್ ಮೀಡಿಯಂ, ನಾಲ್ಕನೇ ಕ್ಲಾಸು. ಮಾತಿನಲ್ಲಿ ತುಂಬಾ ಚುರುಕು. ಮಾರುಕಟ್ಟೆಗೆ ಹೋದರೆ ಕ್ವಿಂಟಾಲ್ ಕೊಬ್ಬರಿಯ ರೇಟು ಕೇಳಿಕೊಂಡು ಬಂದು, ನಮ್ಮ ಮಾಲಿಗೆ ಎಷ್ಟಾಗುತ್ತದೆ ಎಂದು ಬಾಯಿಲೆಕ್ಕದಲ್ಲೇ ಹೇಳುತ್ತಾನೆ. ಪುಸ್ತಕ ಕೊಟ್ಟರೆ ಮಾತ್ರ ಒಂದು ಸಾಲು ಓದಲು ಐದು ನಿಮಿಷ. ಕನ್ನಡ ಪಾಠ ಗಡಗಡ ಓದುತ್ತಾನೆ ಎಂದುಕೊಂಡಿದ್ದೆ. ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದಾಗ ಗೊತ್ತಾಯಿತು, ಅವನು ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ. ಟೀಚರ್ 'ಸೋಮಾರಿ, ಮನೆಯಲ್ಲಿ ಓದಿಸಿ' ಎನ್ನುತ್ತಾರೆ. ದಿನಾ ಎರಡು ಗಂಟೆ ಟ್ಯೂಷನ್ ಹಾಕಿದ್ದೇವೆ. ಈಗ ಬೆಳಿಗ್ಗೆ ಆದರೆ ಹೊಟ್ಟೆನೋವು ಅಂತಾನೆ. ಅವರ ಅಪ್ಪನಿಗೆ ಸಿಟ್ಟು ಬಂದು ಒಂದೆರಡು ಸಲ ಕೈ ಮಾಡಿದ್ದಾರೆ. ಅವರೂ ಹತ್ತನೇ ಕ್ಲಾಸಿಗೇ ಬಿಟ್ಟವರು, ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಕನ್ನಡ ಮೀಡಿಯಂಗೆ ಹಾಕಿ ಅಂತ ಒಬ್ಬರು, ಮಿಡ್‌ಬ್ರೈನ್ ಕೋರ್ಸ್‌ಗೆ ಸೇರಿಸಿ ಅಂತ ಇನ್ನೊಬ್ಬರು. ಡಿಸ್ಲೆಕ್ಸಿಯಾ ಇರಬಹುದು, ಸರ್ಟಿಫಿಕೇಟ್ ಮಾಡಿಸಿ ಎಂದು ಡಾಕ್ಟರ್ ಹೇಳಿದರು. ನಾದಿನಿ, ಅಂಗವಿಕಲ ಅಂತ ಹಣೆಪಟ್ಟಿ ಬಿದ್ದರೆ ಮುಂದೆ ಜೀವನವೇ ಹಾಳು ಅಂತಾಳೆ. ಏನು ಮಾಡಲಿ?"

ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಆ ಹೊಟ್ಟೆನೋವಿನ ಮೇಲೆ. ಅದು ನಾಟಕ ಅಲ್ಲ. ಹೆದರಿಕೆ ಮಕ್ಕಳ ಹೊಟ್ಟೆಯಲ್ಲಿ ನಿಜವಾಗಿಯೂ ನೋವಾಗಿ ಕಾಣಿಸಿಕೊಳ್ಳುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಬೇರೆ ಕಾರಣ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ರಜಾದಿನ ಆ ನೋವು ಇರುವುದಿಲ್ಲ ಎಂದಾದರೆ, ಅವನು ಶಾಲೆಯಲ್ಲಿ ದಿನಾ ಏನನ್ನು ಎದುರಿಸುತ್ತಿದ್ದಾನೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ಮಿಕ್ಕ ಎಲ್ಲ ತೀರ್ಮಾನಗಳೂ ಆಮೇಲೆ.

ಕಲಿಕೆಯ ತೊಂದರೆ ಇರುವ ಮಕ್ಕಳನ್ನು ನೋಡುವ ಈ ಕೆಲಸಕ್ಕೆ ನಾನು ಬಂದು ಇಪ್ಪತ್ತು ವರ್ಷ ದಾಟಿತು. ನಿಮ್ಮ ಮಗನನ್ನು ನೋಡದೆ ಡಿಸ್ಲೆಕ್ಸಿಯಾ ಎಂದು ಹೇಳಲಾರೆ. ಆದರೆ ನೀವು ಬೆರಳಿಟ್ಟು ನೋಡಿದಿರಲ್ಲ, ಅದಕ್ಕಿಂತ ಒಳ್ಳೆಯ ಸುಳಿವು ಮನೆಯಲ್ಲಿ ಸಿಗುವುದಿಲ್ಲ. ಸೋಮಾರಿ ಹುಡುಗನೊಬ್ಬ ಇಡೀ ಪಾಠವನ್ನು ಕಿವಿಯಲ್ಲಿ ಕೇಳಿ ಬಾಯಿಪಾಠ ಮಾಡುತ್ತಾನೆಯೇ? ಓದುವುದಕ್ಕಿಂತ ಅದು ಎಷ್ಟೋ ಕಷ್ಟದ ಕೆಲಸ. ತನಗೆ ಓದಲು ಬರುವುದಿಲ್ಲ ಎಂಬುದು ಯಾರಿಗೂ ತಿಳಿಯದಿರಲಿ ಎಂದು ಆ ಮಗು ಎರಡು ಮೂರು ವರ್ಷದಿಂದ ಒಬ್ಬನೇ ದುಡಿದಿದೆ.

1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಇಂಥದ್ದೇ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೇ ಜಾಣ ಇವನು ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನಿಮ್ಮ ಕೊಬ್ಬರಿ ಲೆಕ್ಕದ ಮಾತು ಓದಿದಾಗ ನನಗೆ ನೆನಪಾದದ್ದು ಆ ಹುಡುಗ.

ಡಿಸ್ಲೆಕ್ಸಿಯಾ ಕಣ್ಣಿನ ದೋಷ ಅಲ್ಲ, ಬುದ್ಧಿಯ ದೋಷವೂ ಅಲ್ಲ. ಮಾತಿನೊಳಗಿನ ಸಣ್ಣ ಸಣ್ಣ ಸದ್ದುಗಳನ್ನು ಬಿಡಿಸಿಕೊಂಡು, ಒಂದೊಂದನ್ನೂ ಅದರ ಗುರುತಿಗೆ ಜೋಡಿಸಿ, ಆಮೇಲೆ ಯೋಚಿಸದೆಯೇ ಓಡುವಷ್ಟು ಅದನ್ನು ರೂಢಿ ಮಾಡಿಕೊಳ್ಳುವ ಕೆಲಸ ಮಿದುಳಿನಲ್ಲಿ ನಿಧಾನವಾಗಿ ಆಗುತ್ತದೆ. ಇದು ಹುಟ್ಟಿನಿಂದಲೇ ಬಂದದ್ದು. ನೀವು ಫೋನ್ ಕೊಟ್ಟಿದ್ದರಿಂದಲೋ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಎರಡು ಭಾಷೆ ಆದದ್ದರಿಂದಲೋ ಬಂದದ್ದಲ್ಲ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಕನ್ನಡದಲ್ಲಿ ಈ ತೊಂದರೆ ಬರುವುದಿಲ್ಲ ಎನ್ನುವವರಿದ್ದಾರೆ. ಇದು ಅರ್ಧ ಮಾತ್ರ ಸರಿ. ಇಂಗ್ಲಿಷಿನಲ್ಲಿ 'ಪುಟ್' ಎಂಬಲ್ಲೂ ಅದೇ 'ಯು', 'ಬಟ್' ಎಂಬಲ್ಲೂ ಅದೇ 'ಯು'. ಆ ಗೊಂದಲ ನಮ್ಮಲ್ಲಿಲ್ಲ. ಆದರೆ ನಮ್ಮ ಕಷ್ಟ ಬೇರೆ ಕಡೆ ಇದೆ. ಕಾಗುಣಿತ ಪೂರ್ತಿ ಎಣಿಸಿದರೆ 400ಕ್ಕೂ ಜಾಸ್ತಿ ರೂಪಗಳು. ಅದರ ಮೇಲೆ ಒತ್ತಕ್ಷರ. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಇದೆಲ್ಲ ಕೈಗೆ ಹತ್ತಲು ನಾಲ್ಕನೇ, ಐದನೇ ಕ್ಲಾಸು ಆಗುತ್ತದೆ.

'ಆಸ್ತಿ' ಎಂಬ ಪದ ನೋಡಿ. ನಾವು ಹೇಳುವಾಗ ಸ್, ಆಮೇಲೆ ತ್, ಕೊನೆಗೆ ಇ. ಬರೆಯುವಾಗ ಆ 'ಇ' ಗುಡಿಸಾಗಿ 'ಸ'ದ ತಲೆ ಮೇಲೆ ಕೂರುತ್ತದೆ, 'ತ' ಕೆಳಗೆ ಹೋಗುತ್ತದೆ. ಒಂದು ಮಗು ಇದನ್ನು 'ಆಸಿತ' ಎಂದು ಓದಿತು ಅಂದುಕೊಳ್ಳಿ. ಟೀಚರ್ ಕೆಂಪು ಗೀಟು ಹಾಕುತ್ತಾರೆ. ಆದರೆ ಆ ಮಗು ಕಂಡದ್ದನ್ನು ಕಂಡ ಹಾಗೇ, ಪ್ರಾಮಾಣಿಕವಾಗಿ ಓದಿದೆ. 'ಸೂರ್ಯ'ದಲ್ಲೂ ಹಾಗೇ. ಕಿವಿಗೆ 'ರ್' ಮೊದಲು, ಕೈಗೆ ಅರ್ಕಾವತ್ತು ಕೊನೆಗೆ. ನಮಗೆ ಇದು ಎಷ್ಟು ರೂಢಿಯಾಗಿದೆ ಎಂದರೆ ಇಲ್ಲೊಂದು ತಿರುವು ಇದೆ ಎಂಬುದೇ ಕಾಣುವುದಿಲ್ಲ. 'ಕತ್ತೆ' ಬರೆಯಲು ಹೋಗಿ 'ಕತೆ', 'ಬಾಳೆ'ಗೆ 'ಬಳೆ', ಮ ಇರುವಲ್ಲಿ ವ, ಥ ಇರುವಲ್ಲಿ ಧ. ಇವು ಕನ್ನಡ ಬರೆಯುವ ಎಲ್ಲ ಮಕ್ಕಳೂ ಮೊದಮೊದಲು ಮಾಡುವ ತಪ್ಪುಗಳೇ. 9 ವರ್ಷದಲ್ಲೂ ಅವು ಕಡಿಮೆಯಾಗದೆ ಹಾಗೇ ಉಳಿದಿವೆಯೇ ಎಂಬುದನ್ನು ನಾವು ನೋಡುತ್ತೇವೆ. ಐದಾರು ವರ್ಷದ ಮಗು ಅಕ್ಷರ ತಿರುಗಿಸಿ ಬರೆದರೆ ಗಾಬರಿಪಡಬೇಕಿಲ್ಲ.

ಇದು ವಂಶದಲ್ಲಿ ಹರಿದು ಬರುವ ತೊಂದರೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧದಷ್ಟು. ನಿಮ್ಮ ಯಜಮಾನರಿಗೂ ಇತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ನನ್ನ ಕೋಣೆಯಲ್ಲಿ ಮಗನ ವರದಿ ಕೇಳುತ್ತಾ ಕೇಳುತ್ತಾ ಅಪ್ಪಂದಿರು ಸುಮ್ಮನಾಗಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಬ್ಬರು ಕೊನೆಗೆ ಕೇಳಿದರು, "ಮೇಡಂ, ನಂಗೂ ಹಿಂಗೇ ಆಗ್ತಿತ್ತು. ಹಂಗಾದ್ರೆ ನಾನು ದಡ್ಡ ಅಲ್ವಾ?" ನಲವತ್ತು ದಾಟಿದ ಮನುಷ್ಯ. ಅಂಥವರ ಸಿಟ್ಟಿನೊಳಗೆ ತಾನು ಪಟ್ಟ ಪಾಡು ಮಗನಿಗೂ ಬರುತ್ತದಲ್ಲ ಎಂಬ ಭಯ ಇರುತ್ತದೆ. ಹೊಡೆಯುವುದು ಮಾತ್ರ ಇವತ್ತೇ ನಿಲ್ಲಬೇಕು. ಇದರಲ್ಲಿ ರಾಜಿ ಇಲ್ಲ. ಪರೀಕ್ಷೆ ಮಾಡಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಮಿಡ್‌ಬ್ರೈನ್ ಕೋರ್ಸ್ ಬೇಡ. ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವುದಕ್ಕೂ ಮಗುವಿನ ಓದಿಗೂ ಸಂಬಂಧ ಇಲ್ಲ, ಅದಕ್ಕೆ ವೈಜ್ಞಾನಿಕ ಆಧಾರವೂ ಇಲ್ಲ. ನೆನಪಿನ ಶಕ್ತಿಯ ಟಾನಿಕ್, ಬಣ್ಣದ ಕನ್ನಡಕ ಇವೂ ಅಷ್ಟೇ. ಆ ದುಡ್ಡು ಉಳಿಸಿಕೊಳ್ಳಿ, ಬೇಕಾಗುತ್ತದೆ.

ಈಗಿನ ಟ್ಯೂಷನ್ ಕೂಡ ನಿಲ್ಲಿಸಿ ಎನ್ನುತ್ತೇನೆ. ಇದು ನಿಮಗೆ ವಿಚಿತ್ರ ಅನಿಸಬಹುದು. ಶಾಲೆಯಲ್ಲಿ ಆರು ಗಂಟೆ ಅರ್ಥವಾಗದ ರೀತಿಯಲ್ಲೇ ಸಂಜೆ ಮತ್ತೆ ಎರಡು ಗಂಟೆ ಓದಿಸಿದರೆ ಅವನು ಕಲಿಯುವುದು ಒಂದೇ, ತನ್ನಿಂದ ಆಗುವುದಿಲ್ಲ ಎಂದು. ಅವನಿಗೆ ಬೇಕಾದದ್ದು ಜಾಸ್ತಿ ಓದಿಸುವುದಲ್ಲ, ಬೇರೆ ಥರ ಓದಿಸುವುದು. ನನ್ನ ಅನುಭವದಲ್ಲಿ ಮನೆಯವರೂ ಶಾಲೆಯವರೂ ಎಡವುವುದು ಇಲ್ಲೇ. ಓದುವುದನ್ನು ಕಲಿಸುವುದು ಬೇರೆ, ಪಾಠ ಕಲಿಸುವುದು ಬೇರೆ. ಎರಡನ್ನೂ ಬೇರೆ ಮಾಡಿ. ಓದು ಬರುವ ತನಕ ಪಾಠ ನಿಲ್ಲಬಾರದು. ಪಾಠ ಮುಗಿಸುವ ಆತುರದಲ್ಲಿ ಓದು ಕಲಿಸುವುದನ್ನು ಬಿಡಬಾರದು.

ಓದು ಕಲಿಸುವುದಕ್ಕೆ ದಿನಕ್ಕೆ 20 ನಿಮಿಷ ಸಾಕು. ಆದರೆ ತಪ್ಪಿಸಬಾರದು. ಸದ್ಯಕ್ಕೆ ಕನ್ನಡ ಒಂದೇ ಇರಲಿ, ಕಿವಿಗೆ ಪಳಗಿದ ಭಾಷೆ ಅದು. ಮೊದಲ ಐದು ನಿಮಿಷ ಪುಸ್ತಕವೇ ಬೇಡ. ಅಡುಗೆ ಮಾಡುತ್ತಾ ಕೇಳಿ: 'ಬಾಳೆ'ಯಲ್ಲಿ 'ಬಾ' ತೆಗೆದು 'ನಾ' ಹಾಕಿದರೆ ಏನಾಗುತ್ತದೆ? ನಾಳೆ. 'ಹಾ' ಹಾಕಿದರೆ? ಹಾಳೆ. 'ಬಾಳೆ'ಯನ್ನು ಎಳೆಯದೆ ಹೇಳಿದರೆ? ಬಳೆ. ಕೊನೆಯದಕ್ಕೆ ಅವನು ತಡವರಿಸಿದರೆ ದೀರ್ಘ ಎಲ್ಲಿ ತಪ್ಪಿಹೋಗುತ್ತಿದೆ ಎಂದು ನಿಮಗೇ ಗೊತ್ತಾಗುತ್ತದೆ. ಅದು ಕಿವಿಯಲ್ಲಿ ಸರಿಹೋಗದೆ ಕೈಯಲ್ಲಿ ಸರಿಹೋಗುವುದಿಲ್ಲ.

ಆಮೇಲೆ ಅಕ್ಷರ. ನಾಲ್ಕನೇ ಕ್ಲಾಸಿನವನಿಗೆ ಮತ್ತೆ ಅಕ್ಷರವೇ ಎಂದು ಸಂಕೋಚಪಡಬೇಡಿ. ಬುನಾದಿ ಎಲ್ಲಿ ಕುಸಿದಿದೆಯೋ ಅಲ್ಲಿಂದಲೇ ಕಟ್ಟಬೇಕು. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ 'ರ ಗ ಸ ದ ಅ' ಎಂದು ಶುರು ಮಾಡುತ್ತಾರೆ, ಆ ಕ್ರಮ ನನಗೆ ಬಹಳ ಇಷ್ಟ. ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಮೊದಲ ವಾರವೇ ಮಗುವಿಗೆ 'ನಾನು ಓದಿದೆ' ಅನಿಸುತ್ತದೆ. ಮುಂದಿನ ಗುಂಪು 'ಜ ವ ಮ ಬ ನ'. ನಿಮ್ಮ ಮಗನಿಗೆ ಇಲ್ಲಿ ಒಂದು ಬದಲಾವಣೆ ಮಾಡಿ. ವ ಮತ್ತು ಮ ಒಟ್ಟಿಗೆ ಬೇಡ. ಒಂದು ಗಟ್ಟಿಯಾದ ಮೇಲೆ, ಎರಡು ಮೂರು ವಾರ ಬಿಟ್ಟು ಇನ್ನೊಂದು. ಪ ಮತ್ತು ಷ, ಥ ಮತ್ತು ಧ, ಹೀಗೆ ಒಂದೇ ಥರ ಕಾಣುವ ಜೋಡಿಗಳನ್ನೆಲ್ಲ ದೂರ ದೂರ ಇಡಿ.

ಹೊಸ ಅಕ್ಷರವನ್ನು ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ ದೊಡ್ಡದಾಗಿ ಬರೆಸಿ. ನಮ್ಮಲ್ಲಿ ಅಕ್ಕಿಯ ಮೇಲೆ ಅಕ್ಷರಾಭ್ಯಾಸ ಮಾಡಿಸುವುದಿಲ್ಲವೇ, ಹಾಗೆ. ಬೆರಳು ಓಡುವಾಗಲೇ ಬಾಯಲ್ಲಿ ಸದ್ದು ಬರಬೇಕು. ಸುಮ್ನೆ ಹಿಟ್ಟಿನಲ್ಲಿ ಗೀಚಿದರೆ ಲಾಭ ಇಲ್ಲ. ಒತ್ತಕ್ಷರಕ್ಕೆ ಬಂದಾಗ ಪದವನ್ನು ಬಿಡಿಸಿ ಹೇಳಿಸಿ: ಕತ್ ಎಂದು ನಿಲ್ಲಲಿ, ಆಮೇಲೆ ತೆ. ಆ ನಿಲ್ಲುವ ಜಾಗದಲ್ಲೇ ಒತ್ತು ಇರುವುದು ಎಂದು ಒಮ್ಮೆ ಹೊಳೆದರೆ ಹಲ್ಲಿ, ಅಕ್ಕ, ಬೆಟ್ಟ ಎಲ್ಲವೂ ಸಡಿಲವಾಗುತ್ತಾ ಬರುತ್ತವೆ. ಕೊನೆಯ ಐದು ನಿಮಿಷ ನೀವು ಓದಿ, ಅವನು ಪಕ್ಕದಲ್ಲಿ ಕೂತು ಬೆರಳಿಟ್ಟು ಹಿಂಬಾಲಿಸಲಿ. ನೆಂಟರ ಮುಂದೆ 'ಓದು ನೋಡೋಣ' ಎನ್ನಬೇಡಿ.

ಇನ್ನು ಪಾಠ. ಸಮಾಜ, ವಿಜ್ಞಾನ ಎಲ್ಲ ಅವನ ಕಿವಿಗೆ ಹೋಗಲಿ. ಫೋನಿನಲ್ಲಿ ನೀವೇ ಓದಿ ರೆಕಾರ್ಡ್ ಮಾಡಿಕೊಡಿ. ಎರಡು ಸಲ ಕೇಳಿದರೆ ಅವನಿಗೆ ಬರುತ್ತದೆ, ಬಾಯಿಪಾಠದ ಶಕ್ತಿ ನೀವೇ ನೋಡಿದ್ದೀರಿ. ಆದರೆ ಒಪ್ಪಿಸಲು ಹೇಳಬೇಡಿ, ತನ್ನ ಮಾತಿನಲ್ಲಿ ವಿವರಿಸಲು ಹೇಳಿ. ಎಂಟನೇ ಕ್ಲಾಸಿನಲ್ಲಿ ಅವನ ಕೈಹಿಡಿಯುವುದು ಈ ಅಭ್ಯಾಸವೇ.

ಮನೆಯ 20 ನಿಮಿಷ ಎಲ್ಲವನ್ನೂ ಸರಿ ಮಾಡುತ್ತದೆ ಎಂದು ಭರವಸೆ ಕೊಡಲಾರೆ. ವಾರಕ್ಕೆ ಎರಡು ಮೂರು ದಿನ ತರಬೇತಿ ಪಡೆದ ವಿಶೇಷ ಶಿಕ್ಷಕರು ಸಿಕ್ಕರೆ ಒಳ್ಳೆಯದು. ಹತ್ತಿರದಲ್ಲಿ ಇಲ್ಲದಿದ್ದರೆ ಬಿಇಒ ಕಚೇರಿಯಲ್ಲೋ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲೋ ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳಿಗೆಂದೇ ಇರುವ ಸರ್ಕಾರಿ ಸಂಪನ್ಮೂಲ ಶಿಕ್ಷಕರ ಬಗ್ಗೆ ವಿಚಾರಿಸಿ. ಎರಡು ಮೂರು ವರ್ಷದ ಕೆಲಸ ಇದು. ಅಷ್ಟಾದ ಮೇಲೂ ಅವನ ಓದು ನಿಧಾನವಾಗಿಯೇ ಉಳಿಯಬಹುದು. ಆದರೆ ಓದುತ್ತಾನೆ.

ಪರೀಕ್ಷೆ ಮತ್ತು ಸರ್ಟಿಫಿಕೇಟ್ ಒಂದೇ ಅಂದುಕೊಂಡಿದ್ದೀರಿ. ಎರಡೂ ಬೇರೆ ಬೇರೆ. ಪರೀಕ್ಷೆಯನ್ನು ಈಗಲೇ ಮಾಡಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆ. ಮಂದ ಕಿವಿಯ ಮಗುವನ್ನು ಡಿಸ್ಲೆಕ್ಸಿಯಾ ಎಂದು ಕರೆತಂದದ್ದನ್ನು ನಾನು ನೋಡಿದ್ದೇನೆ. ಆಮೇಲೆ ಮನೋತಜ್ಞರು ಬುದ್ಧಿಮಟ್ಟದ ಪರೀಕ್ಷೆ ಮಾಡುತ್ತಾರೆ, ಓದು, ಬರಹ, ಲೆಕ್ಕವನ್ನು ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಗಮನ ನಿಲ್ಲದಿರುವ ತೊಂದರೆ ಜೊತೆಗಿದೆಯೇ ಎಂದೂ ನೋಡುತ್ತಾರೆ, ಎರಡೂ ಒಟ್ಟಿಗೆ ಬರುವುದು ಅಪರೂಪ ಅಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿಸಿ ನೋಡಿ ಎಂದು ನೀವೇ ಕೇಳಿ. ಇಂಗ್ಲಿಷಿನಲ್ಲಿ ಮಾತ್ರ ನೋಡಿದರೆ, ಭಾಷೆ ಬಾರದ್ದಕ್ಕೂ ಓದು ಬಾರದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವ್ಯವಸ್ಥೆ ಇದೆ. ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲೂ ಒಮ್ಮೆ ಕೇಳಿ.

ಸರ್ಟಿಫಿಕೇಟ್‌ಗೆ ಇಷ್ಟು ಅವಸರ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಸರ್ಕಾರದ ಮಾರ್ಗಸೂಚಿಯ ಪ್ರಕಾರ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. 14ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ಮತ್ತೆ ಪರೀಕ್ಷೆ. 18ರ ನಂತರದ್ದು ಕಾಯಂ. ಅದು ನಿಮ್ಮ ಬೀರುವಿನಲ್ಲಿ ಇರುತ್ತದೆ, ನೀವು ತೋರಿಸಿದಲ್ಲಿ ಮಾತ್ರ ಕಾಣುತ್ತದೆ. ಪಬ್ಲಿಕ್ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬೇಕಾದರೆ ಅವನು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಮುಂದೆ ಕಾಲೇಜು ಸೀಟಿನ ಮೀಸಲಾತಿ ಇವುಗಳಿಗೆ ಆ ಕಾಗದ ಬೇಕು. ತೊಂದರೆ ಸಣ್ಣ ಪ್ರಮಾಣದ್ದಾದರೆ ಎಲ್ಲ ಸೌಲಭ್ಯವೂ ಸಿಗದಿರಬಹುದು. ಸ್ಕ್ರೈಬ್ ಬಗ್ಗೆ ಒಂದು ಎಚ್ಚರಿಕೆ: ಉತ್ತರವನ್ನು ಇನ್ನೊಬ್ಬರು ಬರೆದುಕೊಳ್ಳುವ ಹಾಗೆ ಬಿಡಿಸಿ ಹೇಳುವುದೇ ಒಂದು ಕಲೆ. ಅಭ್ಯಾಸ ಇಲ್ಲದೆ ಸೀದಾ ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋದ ಮಕ್ಕಳು ತಬ್ಬಿಬ್ಬಾಗುತ್ತಾರೆ. ಎಂಟನೇ ಕ್ಲಾಸಿನಿಂದಲೇ ಶುರು ಮಾಡಬೇಕು.

ನಾದಿನಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಊರಲ್ಲಿ ಜನ ಮಾತಾಡುತ್ತಾರೆ, ನಿಜ. ಆದರೆ ನಿಮ್ಮ ಮಗನಿಗೆ ಹಣೆಪಟ್ಟಿ ಆಗಲೇ ಬಿದ್ದಿದೆ. ಅದರ ಮೇಲೆ 'ಸೋಮಾರಿ' ಎಂದು ಬರೆದಿದೆ. ಅದನ್ನು ಕಿತ್ತುಹಾಕಬೇಕಲ್ವಾ?

ಮೀಡಿಯಂ ವಿಚಾರ. ಮೀಡಿಯಂ ಬದಲಿಸಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಈ ಕನ್ನಡ ಪುಸ್ತಕವೇ ಅವನಿಗೆ ಕಷ್ಟ ಆಗಿದೆಯಲ್ಲ. ಆದರೆ ಒಂದನ್ನು ಪರೀಕ್ಷಿಸಿ. ವಿಜ್ಞಾನದ ಪಾಠವೊಂದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿ, ಅರ್ಥವಾಯಿತೇ ಎಂದು ಕನ್ನಡದಲ್ಲಿ ಕೇಳಿ. ಕೇಳಿಯಾದರೂ ಅರ್ಥವಾಗುತ್ತಿದ್ದರೆ ಇರುವಲ್ಲೇ ಇರಲಿ. ಕೇಳಿದರೂ ತಿಳಿಯದಿದ್ದರೆ, ಅವನ ಎರಡೂ ಬಾಗಿಲು ಮುಚ್ಚಿವೆ ಎಂದಾಯಿತು, ಕಣ್ಣಿನದ್ದೂ ಕಿವಿಯದ್ದೂ. ಆಗ ಐದನೇ ಕ್ಲಾಸಿಗೆ ಕನ್ನಡ ಮಾಧ್ಯಮಕ್ಕೆ ಹಾಕುವುದು ಒಳ್ಳೆಯದು. ವರ್ಷದ ಮಧ್ಯದಲ್ಲಿ ಮಾತ್ರ ಬೇಡ. ಗೆಳೆಯರು ತಪ್ಪುತ್ತಾರೆ, 'ಆಗಲಿಲ್ಲ ಅಂತ ಬಿಡಿಸಿದರು' ಎಂದು ಅವನಿಗೆ ಅನಿಸಬಹುದು. ಅವನ ಜೊತೆ ಮಾತಾಡಿ ಮಾಡಿ. ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುವುದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದೇ ಪಾಠ, ಅದೇ ರೀತಿ, ಜೊತೆಗೆ ಅವಮಾನ. ಮುಂದೆ ಹೈಸ್ಕೂಲಿನಲ್ಲಿ ತೀರಾ ಕಷ್ಟವಾದರೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ತುಂಬಿದ ಮೇಲೆ ಹತ್ತನೇ ಕ್ಲಾಸಿಗೆ ಸೇರಬಹುದು, ಐದು ವಿಷಯದಲ್ಲಿ ಒಂದೇ ಭಾಷೆ ಇದ್ದರೂ ಸಾಕು, ಒಂದೊಂದೇ ವಿಷಯ ಬರೆದು ಮುಗಿಸಬಹುದು. ಆದರೆ ದಿನಾ ಶಾಲೆಗೆ ಹೋಗುವ ಶಿಸ್ತು, ಜೊತೆಗಾರರು ಇಲ್ಲದೆ ಮಕ್ಕಳು ಮನೆಯಲ್ಲಿ ಒಂಟಿಯಾಗುವುದನ್ನೂ ನೋಡಿದ್ದೇನೆ. ಅದು ಆಮೇಲಿನ ಮಾತು.

ಶಾಲೆಗೆ ಹೋಗಿ, ಜಗಳಕ್ಕಲ್ಲ. ಆ ಟೀಚರಿಗೆ ಒಂದೇ ಕ್ಲಾಸಿನಲ್ಲಿ ನಲವತ್ತು ಮಕ್ಕಳಿರಬಹುದು, ಇದನ್ನೆಲ್ಲ ಅವರಿಗೆ ಯಾರೂ ಹೇಳಿಕೊಟ್ಟಿರದೆಯೂ ಇರಬಹುದು. ಕೇಳಬೇಕಾದದ್ದು ಸ್ವಲ್ಪವೇ. ಎಲ್ಲರ ಮುಂದೆ ಎಬ್ಬಿಸಿ ಓದಿಸಬೇಡಿ, ಓದಿಸಲೇಬೇಕು ಎಂದರೆ ಯಾವ ಪ್ಯಾರಾ ಎಂದು ಹಿಂದಿನ ದಿನ ಹೇಳಿ. ಬೋರ್ಡಿನಿಂದ ಪೂರ್ತಿ ಇಳಿಸಿಕೊಳ್ಳುವ ಬದಲು ನೋಟ್ಸಿನ ಜೆರಾಕ್ಸ್ ಕೊಡಿ. ಉಕ್ತಲೇಖನಕ್ಕೆ 20 ಪದದ ಬದಲು 5 ಪದ. ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ, ಆಗಾಗ ಬಾಯಲ್ಲೇ ಪ್ರಶ್ನೆ ಕೇಳಿ. ಬೆಳಗಿನ ಹೊಟ್ಟೆನೋವು ಇಷ್ಟರಿಂದಲೇ ಕಡಿಮೆಯಾಗುವುದನ್ನು ನಾನು ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ಆಗುವುದಿಲ್ಲ, ಬೇರೆ ಶಾಲೆ ನೋಡಿಕೊಳ್ಳಿ ಎಂದರೆ, ಅದನ್ನು ಬರಹದಲ್ಲಿ ಕೊಡಿ ಎಂದು ಮೆಲ್ಲಗೆ ಕೇಳಿ. ಮಾನ್ಯತೆ ಪಡೆದ ಶಾಲೆಗಳು ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸಬೇಕು ಎಂದು ಅದೇ 2016ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

ಮಗನಿಗೂ ಹೇಳಬೇಕು. ಮುಚ್ಚಿಟ್ಟರೆ ಅವನು ತನ್ನದೇ ಕಾರಣ ಕಟ್ಟಿಕೊಳ್ಳುತ್ತಾನೆ, ಅದು 'ನಾನು ದಡ್ಡ' ಎಂಬುದೇ ಆಗಿರುತ್ತದೆ. ಹೀಗೆ ಹೇಳಬಹುದು: "ನೀನು ಪಾಠ ಬಾಯಿಪಾಠ ಮಾಡ್ತಿದ್ದದ್ದು ನಂಗೆ ಗೊತ್ತಾಯ್ತು. ಅಷ್ಟು ಕಷ್ಟಪಟ್ಟಿದ್ದೀಯ ಅಂತ ನಂಗೆ ಮೊದಲೇ ಗೊತ್ತಾಗ್ಲಿಲ್ಲ ಮರಿ. ಓದೋದನ್ನ ನಿಂಗೆ ಸರಿಯಾದ ರೀತೀಲಿ ನಾವು ಕಲಿಸಿಲ್ಲ. ಇನ್ಮೇಲೆ ಬೇರೆ ಥರ ಮಾಡೋಣ." ಸಾಧ್ಯವಾದರೆ ಅವರಪ್ಪನೇ ಅಂಗಡಿಯಲ್ಲಿ, ಕೈಯಲ್ಲಿ ಕೆಲಸ ಇರುವಾಗ ಹೇಳಲಿ. ಆ ವಯಸ್ಸಿನಲ್ಲಿ ಅಪ್ಪನ ಬಾಯಿಂದ ಕೇಳುವುದಕ್ಕೆ ತೂಕ ಜಾಸ್ತಿ.

ಇನ್ನೊಂದು ಮಾತು. ಪರೀಕ್ಷೆ ಮಾಡಿಸಲು ಹೋಗುವಾಗ ಎರಡನೇ ಕ್ಲಾಸಿನಿಂದ ಈಚಿನ ನೋಟ್‌ಬುಕ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ, ರದ್ದಿಗೆ ಹಾಕಿದ್ದರೆ ಉಳಿದಷ್ಟು. ಅಂದವಾಗಿ ಕಾಣಲಿ ಎಂದು ತಪ್ಪು ಅಳಿಸಬೇಡಿ, ಬರೆದದ್ದನ್ನು ಮತ್ತೆ ಕಾಪಿ ಮಾಡಿಸಬೇಡಿ. ಎಲ್ಲಿ ದೀರ್ಘ ಬಿಟ್ಟಿದೆ, ಎಲ್ಲಿ ಒತ್ತು ಬಿಟ್ಟಿದೆ, ಎಲ್ಲಿ ಅರ್ಧಕ್ಕೆ ನಿಲ್ಲಿಸಿದ್ದಾನೆ, ಪೆನ್ಸಿಲ್ ಎಷ್ಟು ಒತ್ತಿ ಬರೆದಿದ್ದಾನೆ, ಇದನ್ನೆಲ್ಲ ನೋಡಿಯೇ ಅವನಿಗೆ ಎಲ್ಲಿಂದ ಕಲಿಸಬೇಕು ಎಂದು ನಾವು ತೀರ್ಮಾನ ಮಾಡುವುದು.